ಮಲಗಿದವನೇ ಕಳ್ಳ!

ರಾತ್ರಿ ಎರಡು ಗಂಟೆ. ಸ್ಕಾಟ್ಲೆಂಡಿನ ಒಂದು ಸರೋವರದ ದಂಡೆ. ಅಲ್ಲಿ ನಿಂತಿರುವುದು ಒಂದೇ ಒಂದು ವ್ಯಾನು. ಒಳಗೆ ಹಾಸಿಗೆ, ಕಿಟಕಿಗೆ ಪರದೆ, ಮೂಲೆಯಲ್ಲಿ ಪುಟ್ಟ ಒಲೆ. ಹಾಸಿಗೆಯ ಮೇಲೆ ನಮ್ಮ ಹಾಸನದ ಕಡೆಯ ಹುಡುಗ. ಚಳಿಗೆ ಮುದುರಿಕೊಂಡಿದ್ದವನು ನಿದ್ದೆಗಣ್ಣಲ್ಲೇ ಕಂಬಳಿ ಎಳೆದುಕೊಂಡು ಮಗ್ಗುಲು ಬದಲಿಸಿದ. ಅಷ್ಟೇ!

ಕುಯ್ಯೋ... ಕುಯ್ಯೋ... ಕುಯ್ಯೋ!

ಸೈರನ್ ಬಡಿದುಕೊಳ್ಳುತ್ತಿದೆ. ದೀಪಗಳು ಹತ್ತಿ ಆರಿ, ಹತ್ತಿ ಆರಿ ಕುಣಿಯುತ್ತಿವೆ. ದೂರದ ಮನೆಯ ಕಿಟಕಿಯಲ್ಲಿ ಬೆಳಕು ಬಂತು. ಹುಡುಗ ಕತ್ತಲಲ್ಲಿ ಕೀ ಹುಡುಕುತ್ತಿದ್ದಾನೆ. ಕೀ ಪ್ಯಾಂಟಿನ ಜೇಬಿನಲ್ಲಿದೆ, ಸರಿ. ಪ್ಯಾಂಟು ಎಲ್ಲಿದೆ?

ನಗಬೇಡಿ ಮಿತ್ರರೆ! ಇದು ಯಾವ ಹಾಸ್ಯನಟನ ದೃಶ್ಯವೂ ಅಲ್ಲ, ನನ್ನ ಗೆಳೆಯನ ತಮ್ಮನ ಪಾಡು. ಓದಲೆಂದು ಬ್ರಿಟನ್ನಿಗೆ ಹೋದವನು. ಮೂರು ಜನ ಸ್ನೇಹಿತರ ಜೊತೆ ಸೇರಿ ಸಾಮಾನು ಸಾಗಿಸುವ ಹಳೇ ವ್ಯಾನೊಂದನ್ನು ಕೊಂಡು, ಹಲಗೆ ಹೊಡೆದು, ಹಾಸಿಗೆ ಹಾಕಿ 'ಚಲಿಸುವ ಮನೆ' ಮಾಡಿಕೊಂಡಿದ್ದ. ಮರುದಿನ ನನಗೆ ಫೋನು. "ಅಣ್ಣಾ, ನನ್ನ ಗಾಡೀಲಿ ನಾನೇ ಕಳ್ಳ ಆಗ್ಬಿಟ್ಟೆ!"

ಈ ಹುಚ್ಚು ಹತ್ತಿಸಿದವರು ಯಾರು ಅಂತೀರಿ? ಇನ್ಯಾರು, ನಮ್ಮ ಸಿನಿಮಾದವರೇ! 2020ರ 'ನೋಮ್ಯಾಡ್‌ಲ್ಯಾಂಡ್' ನೋಡಿದ್ದೀರಾ? ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಎಂಬ ಮಹಾನಟಿ ವ್ಯಾನನ್ನೇ ಮನೆ ಮಾಡಿಕೊಂಡು ಅಮೆರಿಕ ಸುತ್ತುತ್ತಾಳೆ. ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ, ಶ್ರೇಷ್ಠ ನಟಿ, ಮೂರೂ ಆಸ್ಕರ್ ಅದಕ್ಕೇ ಬಂತು. 2015ರ 'ದಿ ಲೇಡಿ ಇನ್ ದಿ ವ್ಯಾನ್' ಚಿತ್ರದಲ್ಲಿ ಮ್ಯಾಗಿ ಸ್ಮಿತ್ ಮಾಡಿದ್ದು ನಿಜವಾಗಿ ಬದುಕಿದ್ದ ಒಬ್ಬ ಮುದುಕಿಯ ಪಾತ್ರ. ಲಂಡನ್ನಿನ ಲೇಖಕ ಅಲನ್ ಬೆನೆಟ್ ಮನೆಯಂಗಳದಲ್ಲಿ ಆಕೆ ವ್ಯಾನು ನಿಲ್ಲಿಸಿಕೊಂಡು 15 ವರ್ಷ ಕಾಲ ಹಾಕಿದಳು! 2006ರ 'ಲಿಟ್ಲ್ ಮಿಸ್ ಸನ್‌ಶೈನ್' ಅಂತೂ ಸರಿಯೇ ಸರಿ. ಅದರ ಹಳದಿ ವ್ಯಾನಿನ ಹಾರ್ನ್ ಸಿಕ್ಕಿಹಾಕಿಕೊಂಡು ತಾನೇ ತಾನಾಗಿ ಕೂಗುತ್ತೆ. ಥಿಯೇಟರಿನಲ್ಲಿ ಬಿದ್ದೂ ಬಿದ್ದೂ ನಗಬಹುದು. ಅದೇ ರಾತ್ರಿ ಎರಡು ಗಂಟೆಗೆ ನಮ್ಮ ತಲೆ ಹತ್ತಿರ ಕೂಗಿದರೆ?

ಸರಿ, ಗಾಡಿಗೆ ಏನು ಬಂತು? ರೋಗ ಬಂತೇ? ಇಲ್ಲ ಸ್ವಾಮಿ. ಅದು ತನ್ನ ಕೆಲಸ ನಿಯತ್ತಾಗಿ ಮಾಡಿತು, ಅಷ್ಟೇ.

ಯೂರೋಪಿನ ಬಹಳ ಗಾಡಿಗಳಲ್ಲಿ ಕಾವಲು ಮೂರು ಬಗೆ. ಒಂದು, ಬಾಗಿಲು, ಬಾನೆಟ್, ಡಿಕ್ಕಿ ತೆರೆದರೆ ಕೂಗುವುದು. ಎರಡು, ಗಾಡಿಯನ್ನು ಜ್ಯಾಕ್ ಹಾಕಿ ಎತ್ತಿದರೆ, ಓರೆ ಮಾಡಿದರೆ ಕೂಗುವುದು. ಮೂರನೆಯದೇ ನಮ್ಮ ಹುಡುಗನ ನಿದ್ದೆ ಕೆಡಿಸಿದ ಖಳನಾಯಕ. ಚಾವಣಿಯ ಹತ್ತಿರ ಕೂತ ಒಂದು ಸಣ್ಣ ಉಪಕರಣ. ಬಾವಲಿಯ ಹಾಗೆ ನಮ್ಮ ಕಿವಿಗೆ ಕೇಳದ ಶಬ್ದವನ್ನು ಗಾಡಿಯೊಳಗೆಲ್ಲ ಬಿಟ್ಟು, ಅದು ತಿರುಗಿ ಬರುವುದನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಒಳಗೆ ಏನೂ ಅಲುಗದಿದ್ದರೆ ಹೋದ ಶಬ್ದ ಹೋದ ಹಾಗೇ ಮರಳುತ್ತದೆ. ಕೈ ಎತ್ತಿದಿರೋ, ಮಗ್ಗುಲಾದಿರೋ, ಲೆಕ್ಕ ತಪ್ಪಿತು. "ಯಾರೋ ಒಳಗೆ ನುಗ್ಗಿದ!" ಅಂತ ಅರಚಿಕೊಳ್ಳುತ್ತದೆ.

ಪಾಪ, ಅದಕ್ಕೇನು ಗೊತ್ತು? ಒಡೆಯ ಬೀಗ ಹಾಕಿಕೊಂಡು ಹೊರಗೆ ಹೋಗಿದ್ದಾನೆ ಅಂತಲೇ ಅದರ ನಂಬಿಕೆ. ಒಡೆಯ ಒಳಗೇ ಗೊರಕೆ ಹೊಡೆಯುತ್ತಿದ್ದಾನೆ ಅಂತ ಅದಕ್ಕೆ ಯಾರೂ ಹೇಳಿಲ್ಲ. ಮನುಷ್ಯನೇ ಆಗಬೇಕೆಂದಿಲ್ಲ. ಒಳಗೆ ಬಿಟ್ಟ ನಾಯಿ, ಗಾಳಿಗೆ ಆಡುವ ಪರದೆ, ಕನ್ನಡಿಗೆ ನೇತುಹಾಕಿದ ಗೊಂಬೆ, ಇಳಿಸಿಟ್ಟ ಗಾಜು, ಯಾವುದಾದರೂ ಸಾಕು.

ಹಾಗಾದರೆ ಉಪಾಯ? ವೈರು ಕತ್ತರಿಸೋದಾ? ಖಬರ್ದಾರ್! ಹಲವು ಸೈರನ್ನುಗಳ ಹೊಟ್ಟೆಯೊಳಗೆ ಅದರದೇ ಪುಟ್ಟ ಬ್ಯಾಟರಿ ಇರುತ್ತೆ. ಗಾಡಿಯ ಬ್ಯಾಟರಿ ಕಳಚಿದಿರೋ, ಇನ್ನೂ ಜೋರಾಗಿ ಬಡಿದುಕೊಳ್ಳುತ್ತದೆ. ಕಾವಲುಗಾರನನ್ನು ಹೊಡೆಯಬೇಡಿ, "ನಾನು ಒಳಗಿದ್ದೀನಪ್ಪಾ" ಅಂತ ಹೇಳಿ ಮಲಗಿ.

ಹೇಳುವುದು ಹೇಗೆ? ಒಂದು, ಒಳಗಿನ ಕಾವಲನ್ನು ಮಾತ್ರ ಆರಿಸುವ ವ್ಯವಸ್ಥೆ ಇದೆಯೇ ನೋಡಿ. ಕೆಲವು ಗಾಡಿಗಳಲ್ಲಿ ಬಾಗಿಲ ಬಳಿ ಅದಕ್ಕೊಂದು ಗುಂಡಿ ಇರುತ್ತೆ, ಕೆಲವದರಲ್ಲಿ ಪರದೆಯ ಮೆನುವಿನಲ್ಲಿ. ಫೋರ್ಡ್‌ನವರು ಇದನ್ನು 'ರಿಡ್ಯೂಸ್ಡ್ ಗಾರ್ಡ್' ಅನ್ನುತ್ತಾರೆ. ಬಾಗಿಲ ಕಾವಲು ಇರುತ್ತೆ, ಒಳಗಿನದು ಮಲಗುತ್ತೆ. ಆದರೆ ಸಾಮಾನ್ಯವಾಗಿ ಇದು ಒಂದು ಸಲದ ಬೀಗಕ್ಕೆ ಮಾತ್ರ. ನಿನ್ನೆ ಆರಿಸಿದ್ದೆ ಅಂತ ಇವತ್ತು ನೆಮ್ಮದಿಯಾಗಿ ಮಲಗಬೇಡಿ. ಎರಡು, ಇನ್ನೂ ಸುಲಭದ ದಾರಿ. ಹೊರಗಿನ ರಿಮೋಟಿನಿಂದ ಬೀಗ ಹಾಕದೆ, ಒಳಗೆ ಕೂತು ಬಾಗಿಲ ಲಾಕ್ ಗುಂಡಿ ಒತ್ತಿ. ಬಹಳ ಗಾಡಿಗಳಲ್ಲಿ ಹಾಗೆ ಮಾಡಿದರೆ ಬಾಗಿಲು ಭದ್ರ, ಸೈರನ್ ಏಳುವುದೇ ಇಲ್ಲ.

ಇನ್ನೊಂದು ಮಾತು. ರಿಮೋಟಿನಿಂದ ಬೀಗ ಹಾಕಿದ್ದರೆ, ಒಳಗಿನ ಕಾವಲು ಆರಿಸಿದ್ದರೂ ಬಾಗಿಲ ಕಾವಲು ಎಚ್ಚರವಾಗಿಯೇ ಇರುತ್ತೆ. ಅರ್ಧ ರಾತ್ರಿ 'ಒಂದಕ್ಕೆ' ಅಂತ ಎದ್ದು ಸುಮ್ಮನೆ ಹಿಡಿ ಎಳೆದಿರೋ, ಮತ್ತೆ ಕುಯ್ಯೋ! ಮೊದಲು ರಿಮೋಟಿನಲ್ಲಿ ಅನ್‌ಲಾಕ್ ಒತ್ತಿ, ಆಮೇಲೆ ಬಾಗಿಲು. ಅದಕ್ಕೇ ಕೀ ತಲೆದಿಂಬಿನ ಪಕ್ಕ ಇರಲಿ. ಪ್ಯಾಂಟಿನ ಜೇಬಿನಲ್ಲಿ ಬೇಡ!

ಇಲ್ಲೀವರೆಗೂ ತಮಾಷೆ ಆಯಿತು. ಈಗ ಕ್ಲೈಮ್ಯಾಕ್ಸ್. ನಗು ನಿಲ್ಲಿಸಿ ಕೇಳಿ.

ಕೆಲವು ಗಾಡಿಗಳಲ್ಲಿ 'ಡೆಡ್‌ಲಾಕ್' ಅಂತ ಇದೆ. ಅದು ಬಿತ್ತೆಂದರೆ ಒಳಗಿನ ಹಿಡಿ ಎಷ್ಟು ಎಳೆದರೂ ಬಾಗಿಲು ತೆರೆಯದು. ಗಾಜು ಒಡೆದು ಕೈ ಹಾಕಿದ ಕಳ್ಳನಿಗೆ ಮಾಡಿದ್ದು ಅದು. ಒಳಗೆ ಮಲಗಿದವನಿಗೆ ಅದೇ ಜೈಲು. ಒಲೆಯಿಂದ ಪರದೆಗೆ ಬೆಂಕಿ ಹತ್ತಿದರೆ ಗತಿ? ಎಡವಟ್ಟು ಎಲ್ಲಿದೆ ಗೊತ್ತೇ? ಯೂರೋಪಿನ ಹಲವು ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ರಿಮೋಟನ್ನು ಒಂದು ಸಲ ಒತ್ತಿದರೆ ಈ ಕೋಟೆ ಬೀಗ ಬೀಳುತ್ತೆ, ಎರಡು ಸೆಕೆಂಡಿನೊಳಗೆ ಎರಡು ಸಲ ಒತ್ತಿದರೆ ಅದು ಬೀಳುವುದಿಲ್ಲ, ಒಳಗಿನ ಕಾವಲೂ ಆರುತ್ತದೆ. ಅಲ್ಲಿನ ಹಲವು ಫೋರ್ಡ್ ಗಾಡಿಗಳಲ್ಲಿ ಪೂರಾ ಉಲ್ಟಾ. ಎರಡು ಸಲ ಒತ್ತಿದರೇನೇ ಕೋಟೆ ಬೀಗ! ಗೆಳೆಯ ಹೇಳಿದ ಅಂತ ಅವನ ಗಾಡಿಯ ಉಪಾಯವನ್ನು ನಿಮ್ಮ ಗಾಡಿಗೆ ಮಾಡಿದಿರೋ, ನೀವೇ ಕೈದಿ. ಗಾಡಿಯ ಜೊತೆ ಬರುವ ಪುಸ್ತಕ ಓದಿ. ಆಮೇಲೆ ಹಗಲು ಹೊತ್ತಿನಲ್ಲಿ ಒಂದು ರಿಹರ್ಸಲ್ ಮಾಡಿ. ಹೊರಗೆ ಒಬ್ಬ ಸ್ನೇಹಿತನ ಕೈಗೆ ಇನ್ನೊಂದು ಕೀ ಕೊಟ್ಟು ನಿಲ್ಲಿಸಿ. ನೀವು ಒಳಗೆ ಬೀಗ ಹಾಕಿಕೊಂಡು ಎರಡು ನಿಮಿಷ ಕಲ್ಲಿನ ಹಾಗೆ ಕೂತು, ಆಮೇಲೆ ಕೈ ಬೀಸಿ. ಕೂಗದಿದ್ದರೆ ಅರ್ಧ ಪಾಸು. ರಿಮೋಟಿನಲ್ಲಿ ಅನ್‌ಲಾಕ್ ಮಾಡದೆ ಒಳಗಿನ ಹಿಡಿ ಎಳೆಯಿರಿ. ಸೈರನ್ ಕೂಗಿದರೆ ಕೂಗಲಿ, ಬಾಗಿಲು ತೆರೆದರೆ ಪೂರ್ತಿ ಪಾಸು.

"ನಮಗ್ಯಾಕಪ್ಪಾ ಸ್ಕಾಟ್ಲೆಂಡಿನ ಕಥೆ?" ಅಂತೀರಾ? ಇರಿ ಇರಿ. ಆಮ್ನಿಯ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕಿ ಗೋಕರ್ಣಕ್ಕೋ ಚಿಕ್ಕಮಗಳೂರಿಗೋ ಹೋಗುವ ಹುಡುಗರು ನಮ್ಮಲ್ಲೂ ಇದ್ದಾರೆ. ಇಲ್ಲಿ ಅಂಗಡಿಯಲ್ಲಿ ಹಾಕಿಸುವ ಸೈರನ್ನಿಗೆ ಸಾಮಾನ್ಯವಾಗಿ ಪೆಟ್ಟು ಬಿದ್ದರೆ ಕೂಗುವ ಗುಣ ಇರುತ್ತೆ. ಎಷ್ಟು ಮೆತ್ತಗಿನ ಪೆಟ್ಟಿಗೆ ಕೂಗಬೇಕು ಅನ್ನುವುದನ್ನು ಹಾಕಿಕೊಟ್ಟವನ ಹತ್ತಿರವೇ ಸರಿಮಾಡಿಸಿಕೊಳ್ಳಿ. ಅಂದ ಹಾಗೆ, ಗಾಡಿಯ ರೂಪ ಬದಲಿಸುವ ಮುಂಚೆ ಆರ್‌ಟಿಓ ಬಾಗಿಲು ತಟ್ಟುವುದನ್ನು ಮರೆಯಬೇಡಿ.

ಎಲ್ಲಕ್ಕಿಂತ ದೊಡ್ಡ ಮಾತು ಕೊನೆಗೆ. ಸೈರನ್ ನಿಮ್ಮನ್ನು ಎಬ್ಬಿಸುತ್ತೆ, ಬೈಸುತ್ತೆ, ಅಷ್ಟೇ. ಶಬ್ದವಿಲ್ಲದೆ ಬರುವವನು ಬೇರೆ ಇದ್ದಾನೆ. ಅವನ ಹೆಸರು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಹೆಣವಾಗಿ ಸಿಕ್ಕರು. ಜನರೇಟರಿನ ಹೊಗೆ ಒಳಗೆ ಸೇರಿತ್ತು. ಅದಕ್ಕೇ ಹೇಳುವುದು, ಎಂಜಿನ್ ಓಡಿಸಿಕೊಂಡು, ಎ.ಸಿ. ಹಾಕಿಕೊಂಡು, ಗಾಜು ಏರಿಸಿಕೊಂಡು ಮಲಗಬೇಡಿ. ಒಳಗೆ ಒಲೆ, ಕೆಂಡ ಇಟ್ಟುಕೊಂಡು ಮಲಗಬೇಡಿ. ಗಾಳಿಯಾಡಲು ಗಾಜು ಒಂದಿಷ್ಟು ಇಳಿದಿರಲಿ. ಇಳಿದ ಗಾಜಿಗೆ ಒಳಗಿನ ಕಾವಲು ಕೂಗುತ್ತೆ ಅಂದಿರಾ? ಅದನ್ನು ಆರಿಸುವುದು ಹೇಗೆಂದು ಹೇಳಿದ್ದು ಅದಕ್ಕೇ ತಾನೆ!

ನಮ್ಮ ಹಾಸನದ ಹುಡುಗ ಈಗ ಜಾಣನಾಗಿದ್ದಾನೆ. ಒಳಗಿನಿಂದ ಲಾಕ್, ತಲೆದಿಂಬಿನ ಪಕ್ಕ ಕೀ. ಮೊನ್ನೆ ಮತ್ತೆ ಫೋನ್ ಮಾಡಿದ್ದ. "ಈಗ ಸೈರನ್ ಕೂಗಲ್ಲ ಅಣ್ಣಾ. ಪಕ್ಕದವನ ಗೊರಕೆಗೇ ಎಚ್ಚರ ಆಗುತ್ತೆ!"

ಅದನ್ನು ಆರಿಸುವ ಗುಂಡಿ ಇನ್ನೂ ಯಾವ ಕಂಪನಿಯೂ ಮಾಡಿಲ್ಲ ಮಿತ್ರರೆ.