ಇಬ್ಬರ ದುಡ್ಡು ಕೊಟ್ಟು ಒಬ್ಬಳೇ ಹಡಗು ಹತ್ತಿದೆ

1/4

ಮೊದಲನೇ ಫೋಟೋದಲ್ಲಿ ಎರಡು ದಿಂಬು ಇವೆ, ನೋಡಿದ್ರಾ? "ಯಾರ ಜೊತೆ ಹೋಗಿದ್ದೆ?" ಅಂತ ಮೆಸೇಜ್ ಮಾಡಿದ ಎಲ್ಲರಿಗೂ ಇಲ್ಲೇ ಉತ್ತರ ಕೊಡ್ತೀನಿ. ಯಾರ ಜೊತೆಯೂ ಇಲ್ಲ, ಒಬ್ಬಳೇ ಹೋಗಿದ್ದೆ. ಎರಡನೇ ದಿಂಬಿಗೂ ನಾನೇ ದುಡ್ಡು ಕೊಟ್ಟಿದ್ದೆ, ಅದಕ್ಕೇ ಅದರ ಮೇಲೆ ನನ್ನ ಬ್ಯಾಗ್ ಮಲಗಿದೆ.

ಎರಡು ಸೀಸನ್ ಕಮಲಾಪುರದ ಹೋಂಸ್ಟೇ ಒಂದರಲ್ಲಿ ಕೆಲಸ ಮಾಡಿ ಕೂಡಿಟ್ಟ ದುಡ್ಡು ಅದು. ಹೊಸಪೇಟೆಯಿಂದ ರೈಲಿನಲ್ಲಿ ವಾಸ್ಕೋ, ಪಕ್ಕದ ಮರ್ಮಗೋವಾ ಬಂದರಿನಿಂದ ಒಂದು ರಾತ್ರಿ ಹಡಗಿನಲ್ಲಿ ಮುಂಬೈ. ಅಷ್ಟೇ ನನ್ನ ಕ್ರೂಸ್.

ಬುಕ್ ಮಾಡುವಾಗ 'ಎಷ್ಟು ಜನ' ಅನ್ನೋ ಕಡೆ ಮೊದಲೇ 2 ಅಂತ ಇತ್ತು. 1 ಮಾಡಿದೆ. ತಲೆಗೆ ಇಷ್ಟು ಅಂತ ತೋರಿಸ್ತಿದ್ದ ರೇಟು ಹತ್ತತ್ರ ಡಬಲ್ ಆಯ್ತು. ನೆಟ್‌ವರ್ಕ್ ಸರಿ ಇಲ್ಲವೇನೋ ಅಂತ ಮತ್ತೆ ಮಾಡಿದೆ, ಮತ್ತೆ ಅಷ್ಟೇ! ಆಮೇಲೆ ಓದಿದಾಗ ಗೊತ್ತಾಯ್ತು, ಜಗತ್ತಿನ ಹೆಚ್ಚಿನ ಕ್ರೂಸ್‌ಗಳ ಪದ್ಧತಿಯೇ ಇದು. ಒಂದು ಕೋಣೆಯಲ್ಲಿ ಇಬ್ಬರು ಇರ್ತಾರೆ ಅನ್ನೋ ಲೆಕ್ಕದ ಮೇಲೇ ಬೆಲೆ ಕಟ್ಟಿರ್ತಾರೆ. ಜಾಹೀರಾತಿನಲ್ಲಿ 'ಒಬ್ಬರಿಗೆ' ಅಂತ ಇದ್ದರೆ ಅದು ಜೋಡಿಯಲ್ಲಿ ಒಬ್ಬರಿಗೆ. ಬಂದರು ಶುಲ್ಕ, ಟಿಪ್ಸ್, ಜಿಎಸ್‌ಟಿ ಎಷ್ಟೋ ಸಲ ಆಮೇಲೆ ಸೇರ್ಕೊಳ್ತವೆ. ಹಾಗಾಗಿ ಮೊದಲ ಪುಟದ ರೇಟು ನೋಡಿ ಕುಣೀಬೇಡಿ, ದುಡ್ಡು ಕಟ್ಟೋ ಪುಟದ ಮೊತ್ತ ನೋಡಿ.

2/4

ಸಿಟ್ಟು ಬಂತು. ಮನೆಗೆ ಬಂದಿದ್ದ ಸೋದರಮಾವನ ಮುಂದೆ ಹೇಳ್ಕೊಂಡೆ. ಮಾವ ಹರಿಗೋಲು ನಡೆಸ್ತಾನೆ. ನಮ್ಮೂರಿನ ಸೇತುವೆ ಆಗೋ ಮುಂಚೆ ಜನರನ್ನ ಕಡೇಬಾಗಿಲು ಕಡೆಗೆ ದಾಟಿಸ್ತಿದ್ದ, ಈಗ ಹಂಪಿ ಕಡೆ ಪ್ರವಾಸಿಗರನ್ನ ಸುತ್ತಾಡಿಸ್ತಾನೆ. ಅವನು ನಕ್ಕುಬಿಟ್ಟ. "ನಾನೇನು ಮಾಡ್ತೀನಿ? ಒಬ್ಬರೇ ಬಂದ್ರೆ ಇನ್ನು ನಾಕು ಮಂದಿ ಬರ್ಲಿ ಅಂತೀನಿ. ಇಲ್ಲಾಂದ್ರ ಪೂರ್ತಿ ರೊಕ್ಕ ಕೊಡು ಅಂತೀನಿ. ಒಬ್ಬರು ಕೂತ್ರೂ ಐದು ಮಂದಿ ಕೂತ್ರೂ ಹುಟ್ಟು ಹಾಕೋ ಕೈ ಇದೇ ಅಲ್ಲೇನು?"

ಬಾಯಿ ಮುಚ್ಕೊಂಡೆ. ನಿಜ ತಾನೆ? 1520ರ ಹೊತ್ತಿಗೆ ವಿಜಯನಗರ ನೋಡೋಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ನಮ್ಮ ಹರಿಗೋಲಿನ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರುತ್ತೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡೀತಾರೆ, ನೆಟ್ಟಗೆ ಹೋಗದೆ ಸುತ್ತುತ್ತಾನೇ ಇರುತ್ತೆ ಅಂತ. ಆಗಲೂ ತುಂಬೋ ತನಕ ಕಾಯಿಸ್ತಿದ್ರೋ ಏನೋ, ಅದನ್ನ ಅವನು ಬರೆದಿಲ್ಲ.

ಹಡಗಿನವರಿಗೂ ಮಾವನ ಲೆಕ್ಕವೇ. ಖಾಲಿ ಹಾಸಿಗೆಯಿಂದ ಟಿಕೆಟ್ ದುಡ್ಡೂ ಬರಲ್ಲ, ಆಮೇಲೆ ಕುಡಿಯೋದು, ಶೋ, ಶಾಪಿಂಗ್‌ನ ದುಡ್ಡೂ ಬರಲ್ಲ. ಹಾಗಂತ ಬೇರೆ ದಾರಿ ಇಲ್ಲ ಅಂತಲ್ಲ. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್ ಅನ್ನೋ ಹಡಗಿನಲ್ಲಿ ಒಬ್ಬರಿಗಾಗಿಯೇ 128 ಚಿಕ್ಕ ಕೋಣೆ ಕಟ್ಟಿದ್ರು. ಆಮೇಲೆ ಬೇರೆ ಕಂಪನಿಗಳೂ ಕಟ್ಟಿದವು. ಒಬ್ಬರೇ ಹೋಗೋರು ಜಾಸ್ತಿ ಆದಾಗ ಮಾತ್ರ ಯಾರಾದ್ರೂ ಹೀಗೆ ಕಟ್ತಾರೆ.

3/4

ಡಬಲ್ ರೇಟು ಒಪ್ಕೋತೀನಿ. ನಾನು ಒಪ್ಕೊಳ್ಳದೇ ಇರೋದು ಅಜ್ಜಿಯ ಲೆಕ್ಕ. "ಒಬ್ಬಾಕೀನ ಯಾಕ ಹೋಗ್ತೀ ತಾಯಿ, ಮದಿವಿ ಆದ್ಮ್ಯಾಲೆ ಗಂಡನ ಕೂಡ ಹೋಗುವಂತಿ." ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆದ್ರೆ ಅಜ್ಜಿಗೆ ಯಾವ ಹಾಸಿಗೆಯೂ ಖಾಲಿ ಬಿದ್ದು ನಷ್ಟ ಆಗ್ತಿಲ್ಲ ಅಲ್ವಾ? ಅದೂ ನಮ್ಮಂಥ ಊರಲ್ಲಿ! ಎಲ್ಲೆಲ್ಲಿಂದಲೋ ಒಬ್ಬೊಬ್ಬರೇ ಹುಡುಗಿಯರು ಬ್ಯಾಗ್ ಹಾಕ್ಕೊಂಡು ಹಂಪಿಗೆ ಬರ್ತಾರೆ. ಅವರಿಗೆ ರೂಮು ಕೊಡ್ತೀವಿ, ಸೈಕಲ್ ಕೊಡ್ತೀವಿ, ಬಾಳೆತೋಟದೊಳಗಿನ ದಾರಿ ತೋರಿಸ್ತೀವಿ, "ಗಂಡ ಎಲ್ಲಿ?" ಅಂತ ಕೇಳಲ್ಲ. ಅವರಿಂದ ನಮ್ಮ ಎಷ್ಟೋ ಮನೆಗಳ ಒಲೆ ಉರೀತದೆ. ಅದೇ ಮನೆಯ ಹುಡುಗಿ ವಾಸ್ಕೋ ರೈಲು ಹತ್ತೀನಿ ಅಂದ್ರೆ ಪಂಚಾಯ್ತಿ ಸೇರುತ್ತೆ.

ಹಡಗಿನಲ್ಲಿ ಊಟದ ಮೇಜಿನ ಹತ್ರ "ಎಷ್ಟು ಜನ?" ಅಂದ್ರು. "ಒಬ್ಬಳೇ" ಅನ್ನೋವಾಗ ಮೊದಲ ಸಲ ಗಂಟಲು ಒಣಗಿತು. ಬೆಳಗ್ಗೆ ತಿಂಡಿಗೆ ಹೋದಾಗ ಒಣಗಲಿಲ್ಲ.

ಎಲ್ಲಕ್ಕಿಂತ ನೆನಪಿರೋದು ಹೊರಡೋ ಮುಂಚಿನ ಸುರಕ್ಷತಾ ಡ್ರಿಲ್. ಅಪಾಯ ಆದ್ರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕ್ಕೋಬೇಕು ಅಂತ ತೋರಿಸ್ತಾರೆ, ಬಂದವರನ್ನ ಎಣಿಸ್ತಾರೆ. ನನ್ನ ಕಾರ್ಡ್ ಸ್ಕ್ಯಾನ್ ಮಾಡಿ "ಒನ್" ಅಂದು ಮುಂದೆ ಹೋದ್ರು. ದುಡ್ಡಿನ ಲೆಕ್ಕದಲ್ಲಿ ಇಬ್ಬರಾಗಿದ್ದವಳು ಇಲ್ಲಿ ಒಬ್ಬಳಾದೆ. ಸುಮ್ಮನೆ ಖುಷಿ ಆಯ್ತು, ಯಾಕೆ ಅಂತ ಕೇಳಬೇಡಿ.

4/4

ಈಗ ನನ್ನ ತಪ್ಪು. ಮನೆಯಲ್ಲಿ "ಲೈವ್ ಲೊಕೇಶನ್ ಹಾಕಿರ್ತೀನಿ" ಅಂತ ಮಾತು ಕೊಟ್ಟು ಹೋಗಿದ್ದೆ. ದಡ ದೂರ ಆದ ಮೇಲೆ ಮೊಬೈಲ್ ಟವರ್ ಎಲ್ಲಿಂದ ಬರಬೇಕು? ಹಡಗಿನ ವೈಫೈಗೆ ಬೇರೆ ದುಡ್ಡು, ಜಿಪುಣತನ ಮಾಡಿ ತಗೊಳ್ಳಲಿಲ್ಲ. ನಾನು ಡೆಕ್ ಮೇಲೆ ಗಾಳಿ ಕುಡೀತಾ ನಿಂತಿದ್ದೆ (ಐದನೇ ಫೋಟೋ, ಕತ್ತಲೆ ಬಿಟ್ಟು ಏನೂ ಕಾಣಲ್ಲ), ಇಲ್ಲಿ ಅವ್ವ ನನ್ನ ಚುಕ್ಕೆ ನಿಂತ ಜಾಗವನ್ನೇ ನೋಡ್ತಾ ಬೆಳಗಿನ ತನಕ ಕೂತಿದ್ಲು. ಮುಂಬೈ ಹತ್ರ ಸಿಗ್ನಲ್ ಬಂದಾಗ 31 ಮಿಸ್ಡ್ ಕಾಲ್. ಅವ್ವ ಬೈಲಿಲ್ಲ, "ಊಟ ಆಯ್ತಾ?" ಅಂದ್ಲು. ಬೈದಿದ್ರೆ ಚೆನ್ನಾಗಿತ್ತು.

ಅದಕ್ಕೇ ಹೋಗೋರು ಕೇಳಿ: 'ಇಷ್ಟು ಗಂಟೆಯಿಂದ ಇಷ್ಟು ಗಂಟೆ ತನಕ ಫೋನ್ ಸಿಗಲ್ಲ' ಅಂತ ಮೊದಲೇ ಬರೆದು ಕೊಟ್ಟು ಹೋಗಿ. ಹಡಗಿನ ಹೆಸರು, ಕೋಣೆ ನಂಬರ್ ಕೂಡ. ಸಮುದ್ರದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಹಡಗಿನ ನೆಟ್‌ವರ್ಕ್ ಹಿಡಿದ್ರೆ ರೋಮಿಂಗ್ ಬಿಲ್ ಟಿಕೆಟ್‌ಗಿಂತ ಜಾಸ್ತಿ ನೋಯುತ್ತೆ. ವಯಸ್ಸಿನ ನಿಯಮ ಓದಿ, ಅಮೆರಿಕದಿಂದ ಹೊರಡೋ ಕೆಲವು ಹಡಗುಗಳಲ್ಲಿ 21 ತುಂಬದೆ ಒಬ್ಬರೇ ಹತ್ತೋಹಾಗಿಲ್ಲ. ದುಡ್ಡು ಸಾಲದಿದ್ರೆ ಸಾಲ ಮಾಡಿ ಹೋಗಬೇಡಿ, ರೈಲಿನಲ್ಲಿ ವಾಸ್ಕೋ ತನಕ ಹೋಗಿ ಸಮುದ್ರ ನೋಡಿ ಬನ್ನಿ. ರೈಲಿನಲ್ಲಿ ಒಬ್ಬರಿಗೆ ಒಂದೇ ಟಿಕೆಟ್. ಆದ್ರೆ "ಯಾರಾದ್ರೂ ಜೊತೆಗೆ ಸಿಗಲಿ" ಅಂತ ಡಿಗ್ರಿ ಮೂರು ವರ್ಷ ವಾಟ್ಸಾಪ್ ಗ್ರೂಪ್‌ನಲ್ಲಿ ಕಾಯಬೇಡಿ. ನಮ್ಮ ಗ್ರೂಪ್‌ನ ಗೋವಾ ಪ್ಲ್ಯಾನ್ ಎಲ್ಲಿಗೆ ಬಂತು ಅಂತ ನಿಮಗೇ ಗೊತ್ತು.

ವಾಪಸ್ ಬಂದ ಮೇಲೆ ಅಜ್ಜಿ ಮೊಬೈಲ್ ಇಸ್ಕೊಂಡು ಎಲ್ಲಾ ಫೋಟೋ ನೋಡಿದ್ಲು. ಬಹಳ ಹೊತ್ತು ಸುಮ್ಮನಿದ್ದು ಒಂದೇ ಕೇಳಿದ್ಲು: "ಅದೂ ನಮ್ಮ ಹರಿಗೋಲಿನಂಗ ಸುತ್ತತೈತೇನು?" ಇಲ್ಲ ಅಜ್ಜಿ, ನೆಟ್ಟಗೆ ಹೋಗುತ್ತೆ ಅಂದೆ.