ನಾಣ್ಯದಲ್ಲಿ ಅಳಿದದ್ದು, ಉಳಿದದ್ದು

ಚಿನ್ನದ ನಾಣ್ಯವನ್ನು ನಮ್ಮ ಹಿರಿಯರು ‘ವರಹ’ ಎಂದು ಕರೆದರು. ಚಾಳುಕ್ಯರ ಲಾಂಛನವಾದ ವರಾಹವೇ ಈ ಹೆಸರಿನ ಮೂಲ. ಆ ವಂಶವಳಿದು ಶತಮಾನಗಳು ಸಂದ ಮೇಲೂ, ವರಾಹದ ಗುರುತೇ ಇಲ್ಲದ ನಾಣ್ಯಗಳಿಗೂ ಅದೇ ಹೆಸರು ನಿಂತಿತು. ಅರಸನನ್ನು ಎಂದೂ ಕಾಣದ ಪ್ರಜೆಯ ಅಂಗೈಗೆ ಅರಸನ ಲಾಂಛನವನ್ನು ತಲಪಿಸುವ ಶಕ್ತಿ ನಾಣ್ಯಕ್ಕುಂಟು. ಆದುದರಿಂದ ಅದರ ಮೇಲಿನ ಲಾಂಛನವು ಬರಿಯ ಅಲಂಕಾರವಲ್ಲ. ಅದು ಹಕ್ಕಿನ ಘೋಷಣೆ. ಆ ಹಕ್ಕು ಊರ್ಜಿತವೋ ಅಲ್ಲವೋ ಎಂಬುದನ್ನು ಕಾಲವೇ ಹೇಳಬೇಕು.

ಇದಕ್ಕೆ ಇಂಗ್ಲೆಂಡಿನ ಎರಡು ಸ್ಮಾರಕ ನಾಣ್ಯಗಳು ಒಳ್ಳೆಯ ನಿದರ್ಶನ. ಒಂದು, 1937ರಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕಾಗಿ ಅಚ್ಚಾದುದು; ಇನ್ನೊಂದು, 1953ರಲ್ಲಿ ಅವನ ಮಗಳು ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕಾಗಿ. ಎರಡೂ ಐದು ಷಿಲಿಂಗಿನ ‘ಕ್ರೌನ್’ ನಾಣ್ಯಗಳೇ. ನಡುವಣ ಅಂತರ ಹದಿನಾರೇ ವರ್ಷ.

ಮೊದಲನೆಯದರಲ್ಲಿ ರಾಜಲಾಂಛನವು ಪೂರ್ಣವೈಭವದಿಂದ ಮೆರೆಯುತ್ತದೆ. ನಡುವೆ ನಾಲ್ಕು ಮನೆಗಳ ಗುರಾಣಿ. ಎರಡು ಮನೆಗಳಲ್ಲಿ ಇಂಗ್ಲೆಂಡಿನ ಮೂರು ಮೂರು ಸಿಂಹಗಳು; ಒಂದರಲ್ಲಿ ಸ್ಕಾಟ್ಲೆಂಡಿನ ಎದ್ದು ನಿಂತ ಸಿಂಹ; ಮತ್ತೊಂದರಲ್ಲಿ ಐರ್ಲೆಂಡಿನ ತಂತಿವಾದ್ಯ. ಗುರಾಣಿಯನ್ನು ಹಿಡಿದು ಒಂದು ಕಡೆ ಸಿಂಹ, ಇನ್ನೊಂದು ಕಡೆ ಒಂಟಿ ಕೊಂಬಿನ ಕಾಲ್ಪನಿಕ ಕುದುರೆ ನಿಂತಿವೆ. 1603ರಲ್ಲಿ ಸ್ಕಾಟ್ಲೆಂಡಿನ ದೊರೆಯೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದಾಗ ಅವನೊಡನೆ ಬಂದ ಕುದುರೆ ಇದು. ಈ ಲಾಂಛನದಲ್ಲಿ ಅದರ ಕೊರಳಿಗೆ ಸರಪಣಿ ಬಿಗಿದಿರುವುದನ್ನು ಕಾಣಬಹುದು.

ಇದೇ ಗುರಾಣಿಯಲ್ಲಿ ಒಂದು ಕಾಲಕ್ಕೆ ಫ್ರಾನ್ಸಿನ ಲಿಲಿ ಹೂಗಳೂ ಇದ್ದವು. ಮೂರನೆಯ ಎಡ್ವರ್ಡನು ಫ್ರಾನ್ಸಿನ ಸಿಂಹಾಸನವೂ ತನ್ನದೆಂದು ಸಾರಿ 1340ರಲ್ಲಿ ಅವನ್ನು ಸೇರಿಸಿಕೊಂಡ. ಫ್ರಾನ್ಸಿನ ನೆಲದಲ್ಲಿ ಕಡೆಗೆ ಉಳಿದಿದ್ದ ಕ್ಯಾಲೆ ಪಟ್ಟಣವೂ 1558ರಲ್ಲಿ ಕೈಬಿಟ್ಟಿತು. ಆದರೆ ಲಿಲಿ ಹೂಗಳು ಗುರಾಣಿಯಿಂದ ಉದುರಿದುದು 1801ರಲ್ಲಿ! ರಾಜ್ಯ ಹೋದರೂ ಹಕ್ಕಿನ ಮಾತು ಇನ್ನೂರನಲವತ್ತಕ್ಕೂ ಹೆಚ್ಚು ವರ್ಷ ಬಾಳಿತು.

ಅಷ್ಟು ಪ್ರದರ್ಶನಪ್ರಿಯವಾದ ಗುರಾಣಿಯಲ್ಲಿ ಭಾರತಕ್ಕೆ ಮಾತ್ರ ಎಂದೂ ಒಂದು ಮನೆ ದೊರೆಯಲಿಲ್ಲ. ವಿಕ್ಟೋರಿಯಾ ರಾಣಿ 1876ರಲ್ಲಿ ಭಾರತದ ಚಕ್ರವರ್ತಿನಿಯೆಂಬ ಬಿರುದು ಧರಿಸಿದಳು. 1893ರಿಂದ ಆ ಬಿರುದು ಲ್ಯಾಟಿನ್ ಸಂಕ್ಷೇಪದಲ್ಲಿ, ‘ಇಂಡ್ ಇಂಪ್’ ಎಂದು, ಬ್ರಿಟಿಷ್ ನಾಣ್ಯಗಳ ಸುತ್ತುಬರಹದಲ್ಲಿ ಕಾಣಿಸಿಕೊಂಡಿತು. 1937ರ ಕ್ರೌನಿನಲ್ಲಿಯೂ ಅದು ಇದೆ. ಕೋಟಿ ಕೋಟಿ ಜನರ ದೇಶಕ್ಕೆ ಸಂದುದು ಆರೇ ಅಕ್ಷರ!

1953ರ ನಾಣ್ಯದಲ್ಲಿ ಆ ಆರು ಅಕ್ಷರಗಳೂ ಇಲ್ಲ. 1948ರಲ್ಲಿಯೇ ದೊರೆ ಆ ಬಿರುದನ್ನು ಬಿಟ್ಟಿದ್ದ. ಬೆಳ್ಳಿಯೂ ಇಲ್ಲ, 1937ರ ಕ್ರೌನಿನಲ್ಲಿ ಅರೆಪಾಲು ಬೆಳ್ಳಿಯಿದ್ದರೆ ಇದು ತಾಮ್ರ ನಿಕ್ಕಲಿನ ಮಿಶ್ರಲೋಹ. ಸಿಂಹವೂ ಕುದುರೆಯೂ ಗುರಾಣಿ ಹಿಡಿದು ನಿಂತಿಲ್ಲ. ಒಂದು ಮುಖದಲ್ಲಿ ಕುದುರೆಯನ್ನೇರಿದ ರಾಣಿ. ಇನ್ನೊಂದರ ನಡುವೆ ಕಿರೀಟ, ಅದರ ಸುತ್ತ ಶಿಲುಬೆಯಾಕಾರದಲ್ಲಿ ನಾಲ್ಕು ಗುರಾಣಿಗಳು, ಸಂದುಗಳಲ್ಲಿ ನಾಲ್ಕು ನಾಡುಗಳ ಸಸ್ಯಚಿಹ್ನೆಗಳು. ರಾಜಗುರಾಣಿಯಲ್ಲಿ ಸ್ಥಾನವಿಲ್ಲದ ವೇಲ್ಸ್ ನಾಡು ಇಲ್ಲಿ ತನ್ನ ‘ಲೀಕ್’ ಎಂಬ ಈರುಳ್ಳಿಜಾತಿಯ ಗಿಡದ ರೂಪದಲ್ಲಿ ಬಂದು ಸೇರಿದೆ. ಸಾಮ್ರಾಜ್ಯವು ಕುಗ್ಗಿದಾಗ ಮನೆಯವರ ನೆನಪಾಯಿತೆನ್ನೋಣವೇ?

ನಮ್ಮಲ್ಲಿಯೂ ಮಾರ್ಪಾಡು ಬಂದಿತು. 1950ರಲ್ಲಿ ಗಣರಾಜ್ಯದ ನಾಣ್ಯಗಳಿಂದ ದೊರೆಯ ತಲೆ ಹೋಗಿ ಸಾರನಾಥದ ಸಿಂಹಗಳು ಬಂದವು. ಸಿಂಹಕ್ಕೆ ಬದಲಾಗಿ ಸಿಂಹವೇ ಬಂತಲ್ಲ ಎಂದು ಯಾರಾದರೂ ನಗಬಹುದು. ಅಶೋಕನೂ ಚಕ್ರವರ್ತಿಯೇ, ನಿಜ. ಆದರೆ ಅವನ ಸಿಂಹಗಳು ಯಾವ ವಂಶದ ಗುರಾಣಿಯನ್ನೂ ಹಿಡಿದು ನಿಂತವಲ್ಲ. ಬುದ್ಧನು ಮೊದಲ ಉಪದೇಶವಿತ್ತ ನೆಲದಲ್ಲಿ ನಿಂತು ಅವು ತಲೆಯ ಮೇಲೆ ಹೊತ್ತಿದ್ದುದು ಧರ್ಮಚಕ್ರವನ್ನು.

ಅದೂ ಒಂದು ಘೋಷಣೆಯೇ. ಲಿಲಿ ಹೂಗಳ ಹಕ್ಕು ಹುಸಿಯೆಂದು ತಿಳಿಯಲು ಕ್ಯಾಲೆಯ ಪತನ ಸಾಕಾಯಿತು. ನಮ್ಮ ಸಿಂಹಗಳ ಮಾತು ನಿಜವೋ ಎಂಬುದನ್ನು ಯಾವ ಕೋಟೆಯ ಸೋಲುಗೆಲವೂ ನಿರ್ಣಯಿಸಲಾರದು. ಆ ನಾಣ್ಯವನ್ನು ಕೈಯಿಂದ ಕೈಗೆ ದಾಟಿಸುವ ನಮ್ಮ ನಡತೆಯೇ ನಿರ್ಣಯಿಸಬೇಕು.