ಅಂಟುವುದು ಸುಲಭ, ಬಿಡುವುದೇ ಕಷ್ಟ

ಸ್ವಿಚ್ ಡಿಸೈನ್ ಮಾಡುವುದು ನನ್ನ ಕೆಲಸ ಅಂದರೆ ಬಿಕರ್ನಕಟ್ಟೆಯಲ್ಲಿ ಹೆಚ್ಚಿನವರು ಗೋಡೆಯ ಬೋರ್ಡ್ ಕಡೆ ನೋಡುತ್ತಾರೆ. "ಅದರಲ್ಲಿ ಡಿಸೈನ್ ಮಾಡ್ಲಿಕ್ಕೆ ಎಂತ ಉಂಟು ಮಾರಾಯ?" ಅಂತ ಕೇಳಿದವರೂ ಇದ್ದಾರೆ. ಉಂಟು, ಬೇಕಾದಷ್ಟು ಉಂಟು.

ನನ್ನ ಸ್ವಿಚ್ಚಿನ ಹೆಸರು ಆರ್‌ಎಫ್ ಮೆಮ್ಸ್. ನೋಡಲಿಕ್ಕೆ ಮೈಕ್ರೋಸ್ಕೋಪ್ ಬೇಕು. ಸಿಲಿಕಾನ್ ಬಿಲ್ಲೆಯ ಮೇಲೆ ಚಿನ್ನದ ಪುಟ್ಟ ಪಟ್ಟಿಯೊಂದು ಈಜುಕೊಳಕ್ಕೆ ಧುಮುಕುವ ಹಲಗೆಯ ಹಾಗೆ ಒಂದೇ ತುದಿಯ ಆಧಾರದಲ್ಲಿ ನಿಂತಿರುತ್ತದೆ. ಅದರಡಿಯ ಸಂದು ಎರಡು-ಮೂರು ಮೈಕ್ರಾನ್. ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್! ಕೆಳಗಿನ ಎಲೆಕ್ಟ್ರೋಡಿಗೆ ವೋಲ್ಟೇಜ್ ಕೊಟ್ಟರೆ ಪಟ್ಟಿ ಬಾಗಿ ಅದರ ತುದಿ ಸಿಗ್ನಲ್ ಲೈನನ್ನು ಮುಟ್ಟುತ್ತದೆ, ರೇಡಿಯೊ ಸಿಗ್ನಲ್ ದಾಟುತ್ತದೆ. ವೋಲ್ಟೇಜ್ ತೆಗೆದರೆ ಮೇಲೇಳಬೇಕು. ತಲೆನೋವು ಇರುವುದೇ ಈ "ಬೇಕು" ಅನ್ನುವಲ್ಲಿ.

ವೋಲ್ಟೇಜ್ ಏರಿಸುತ್ತಾ ಹೋದರೆ, ಪಟ್ಟಿ ಸಂದಿನ ಮೂರನೇ ಒಂದು ಭಾಗ ಇಳಿಯುವ ತನಕ ಸ್ಪ್ರಿಂಗ್ ಬಲ ಸೆಳೆತವನ್ನು ತಡೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಸೆಳೆತವೇ ಗೆದ್ದು ದಬಕ್ಕಂತ ಬೀಳುತ್ತದೆ. ಇದಕ್ಕೆ ಸಾಮಾನ್ಯವಾಗಿ ಹತ್ತಾರು ವೋಲ್ಟ್ ಬೇಕು. ಫೋನ್ ಬ್ಯಾಟರಿ ಕೊಡುವುದು ನಾಲ್ಕರ ಆಸುಪಾಸು. ವೋಲ್ಟೇಜ್ ಅರ್ಧಕ್ಕೆ ತರಬೇಕಾದರೆ ಪಟ್ಟಿಯ ಬಿಗಿ ಕಾಲುಭಾಗಕ್ಕೆ ಇಳಿಯಬೇಕು. ಆಗ ಬಿಡಿಸಿಕೊಳ್ಳುವ ಶಕ್ತಿಯೂ ಕಾಲುಭಾಗ! ಸಂದು ಕಿರಿದು ಮಾಡೋಣ ಅಂದರೆ, ಆಫ್ ಇದ್ದಾಗಲೂ ಸಿಗ್ನಲ್ ಸೋರುವುದು ಜಾಸ್ತಿ.

ಮೇಲಿಂದ ತೇವ. ನಮ್ಮ ಮಂಗಳೂರಿನ ಮಳೆಗಾಲ ಗೊತ್ತಲ್ಲ? ಒದ್ದೆಯಾದ ಎರಡು ಗಾಜಿನ ತುಂಡು ಒಂದರ ಮೇಲೊಂದು ಕೂತರೆ ಬೇರೆ ಮಾಡಲು ಪರದಾಡಬೇಕು. ಈ ಪಟ್ಟಿಯದ್ದೂ ಅದೇ ಪಾಡು. ಹಾಗಾಗಿ ಗಾಳಿ, ತೇವ ನುಗ್ಗದ ಹಾಗೆ ಸೀಲ್ ಮಾಡುವುದೂ ಡಿಸೈನಿನ ಭಾಗವೇ.

ಇಷ್ಟೆಲ್ಲ ಯಾಕೆ ಅಂತೀರಾ? ಟ್ರಾನ್ಸಿಸ್ಟರ್ ಸ್ವಿಚ್ ಅಗ್ಗ, ವೇಗವೂ ಹೆಚ್ಚು. ಅದು ನ್ಯಾನೋಸೆಕೆಂಡಿನ ಲೆಕ್ಕ, ನಮ್ಮದು ಮೈಕ್ರೋಸೆಕೆಂಡಿನದ್ದು. ಆದರೆ ಲೋಹ ಲೋಹವನ್ನೇ ಮುಟ್ಟಿದಾಗ ಸಿಗ್ನಲ್ ನಷ್ಟ ಬಹಳ ಕಡಿಮೆ, ಹಿಡಿದಿಟ್ಟುಕೊಳ್ಳಲು ಕರೆಂಟೂ ಹೆಚ್ಚುಕಡಿಮೆ ಬೇಡ. 2016ರಲ್ಲಿ ಅನಲಾಗ್ ಡಿವೈಸಸ್ ಕಂಪನಿ ಇಂಥ ಸ್ವಿಚ್ ಮಾರುಕಟ್ಟೆಗೆ ತಂದಾಗ, ವೋಲ್ಟೇಜ್ ಏರಿಸುವ ಚಿಪ್ಪನ್ನೇ ಅದರ ಜೊತೆ ಕೂರಿಸಿತು. ನೂರು ಕೋಟಿ ಸಲ ಅಂಟಿ ಬಿಟ್ಟರೂ ಬಾಳುತ್ತದೆ ಅನ್ನುವುದು ಅದರ ಭರವಸೆ.

ಇದೆಲ್ಲ ಹೊರದೇಶದವರ ಕೆಲಸ ಅಂದುಕೊಳ್ಳಬೇಡಿ. ಈ ವಿಷಯದ ಮೇಲೆ ಜಗತ್ತಿನಲ್ಲಿ ಬಂದ ಮೊದಮೊದಲ ಪುಸ್ತಕಗಳಲ್ಲಿ ಒಂದರ ಲೇಖಕರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಜೆ. ವಿನೋಯ್ ಒಬ್ಬರು. ಅದೇ ಸಂಸ್ಥೆಯ ನ್ಯಾನೋ ಕೇಂದ್ರದ ಕ್ಲೀನ್‌ರೂಮನ್ನು ಬೇರೆ ಕಾಲೇಜಿನ ಸಂಶೋಧಕರೂ ಬಳಸಲು ಕೇಂದ್ರ ಸರ್ಕಾರದ ಯೋಜನೆ ಉಂಟು. ಲೆಕ್ಕ, ಸಿಮ್ಯುಲೇಶನ್ ನಮ್ಮೂರಲ್ಲೇ ಕೂತು ಮಾಡಬಹುದು.

ಚಿಪ್ ಅಂದರೆ ಬರೀ ಎಲೆಕ್ಟ್ರಾನಿಕ್ಸ್ ಅಂತ ಮೆಕ್ಯಾನಿಕಲ್ ಓದಿದವರು ದೂರ ನಿಲ್ಲುತ್ತಾರೆ. ಇಲ್ಲಿ ಬೇಕಾಗಿರುವುದು ಸ್ಪ್ರಿಂಗ್ ಗೊತ್ತಿದ್ದವರೇ. ಬರುವುದಾದರೆ ಒಂದೇ ಮಾತು: ಹೇಗೆ ಮುಟ್ಟಿಸುವುದು ಅನ್ನುವ ಮೊದಲು ಹೇಗೆ ಬಿಡಿಸುವುದು ಅಂತ ಲೆಕ್ಕ ಹಾಕಿ.